ಹೊಸ್ತಿಲ ಮೇಲೆ ಎಡಗಾಲು

ತುರ್ವಿಹಾಳ, ರವಿವಾರ, 26 ನವೆಂಬರ್ 1989

ಹಾರುವ ವಿಮಾನದಿಂದ ಮನುಷ್ಯ ಬೇಕೆಂದೇ ಕೆಳಗೆ ಜಿಗಿಯುತ್ತಾನೆ ಎನ್ನುವ ಕಥೆಯನ್ನು ನಮ್ಮ ಊರಿನಲ್ಲಿ ಮೊದಲು ಹೇಳಿದವನು ಮಿಲ್ಟ್ರಿ ರಹಿಮಾನ್. 1966ರ ಸುಗ್ಗಿಯಲ್ಲಿ ರಜೆಗೆ ಬಂದವನು ನಮ್ಮ ಕಣದಲ್ಲಿ ಕುಳಿತು ಹೇಳಿದ. ಕೇಳಿದವರಲ್ಲಿ ಅರ್ಧ ಮಂದಿ ನಕ್ಕರು, ಇನ್ನರ್ಧ ಮಂದಿ ಅದಕ್ಕೆ ಪಗಾರ ಎಷ್ಟು ಎಂದು ವಿಚಾರಿಸಿದರು. ನನಗಾಗ ಹದಿನೇಳು. ನಾನು ನಗಲಿಲ್ಲ, ಪಗಾರವನ್ನೂ ಕೇಳಲಿಲ್ಲ. ಎರಡು ವರ್ಷ ಕಳೆದು ಫೌಜಿಗೆ ಸೇರಿದೆ.

ಹದಿನೆಂಟು ವರ್ಷ ಪ್ಯಾರಾಚೂಟ್ ಪಲ್ಟನ್ನಿನಲ್ಲಿದ್ದೆ. ಕೊನೆಯ ಆರು ವರ್ಷ ನನ್ನ ಕೆಲಸ ಒಂದೇ: ಹೊಸ ಹುಡುಗರನ್ನು ಆಗ್ರಾದ ಪ್ಯಾರಾಚೂಟ್ ಶಾಲೆಗೆ ಕಳಿಸುವ ಮುಂಚೆ ಅವರ ಹೆದರಿಕೆ ಬಿಡಿಸುವುದು. ಆಮೇಲೆ ಒಂದು ಹಾರಾಟದಲ್ಲಿ ಬಲಮೊಳಕಾಲು ಬಂಡೆಗೆ ಬಡಿಯಿತು. ಮನೆಗೆ ಬಂದು ಮೂರು ವರ್ಷ. ಕೋಲಿಲ್ಲದೆ ಅಂಗಳ ದಾಟಲಾರೆ. ಥಂಡಿ ಬಿದ್ದಾಗಿನಿಂದ ನೋವು ಹೆಚ್ಚಾಗಿದೆ.

ಇವತ್ತು ಸಿಂಧನೂರಿನ ಕಾಲೇಜಿನಲ್ಲಿ ಎನ್‌ಸಿಸಿ ನೋಡಿಕೊಳ್ಳುವ ಬಾಲಪ್ಪ ಮಾಸ್ತರರು ಮನೆಗೆ ಬಂದಿದ್ದರು. ಫೆಬ್ರವರಿಯಲ್ಲಿ ಆಗ್ರಾದಲ್ಲಿ ಕಾಲೇಜು ಹುಡುಗ ಹುಡುಗಿಯರಿಗೂ ಪ್ಯಾರಾಚೂಟ್ ಹಾರಿಸುತ್ತಾರಂತೆ. ಅದಕ್ಕೆ ಆಯ್ಕೆ ಮುಂದಿನ ತಿಂಗಳು ಲಿಂಗಸುಗೂರಿನ ಕ್ಯಾಂಪಿನಲ್ಲಿ. ಇವರ ಕಡೆಯಿಂದ ಇಬ್ಬರು ಹೆಸರು ಕೊಟ್ಟಿದ್ದಾರೆ.

“ಇಬ್ಬರೂ ಧೈರ್ಯದವರ ಅದಾರ್ರಿ ಹವಾಲ್ದಾರ್ರ. ಆದ್ರ ಹುಡುಗನ್ನ ನಿಚ್ಚಣಿಕಿ ಹತ್ತಿಸಿದ್ರ ಕಾಲು ನಡಗತಾವ. ನೀವ ಒಂದೀಟು ಕಲಿಸಬೇಕು.”

“ನನ್ನ ಕಾಲು ನೆಲದ ಮ್ಯಾಲ ನಡಗತಾವ್ರಿ ಮಾಸ್ತರ. ಬ್ಯಾರೆ ಯಾರನ್ನಾರ ನೋಡ್ರಿ.”

ಮಾಸ್ತರರು ಚಹಾ ಕುಡಿದು ಎದ್ದರು. ಅವರು ಓಣಿ ದಾಟುವ ತನಕ ಸುಮ್ಮನಿದ್ದ ನನ್ನ ಹೆಂಡತಿ ಗ್ಯಾನಮ್ಮ ಶುರು ಮಾಡಿದಳು. “ಮೂರು ವರ್ಷ ಆತು, ಆ ಖುರ್ಚಿಗೆ ನಿಮ್ಮ ಬೆನ್ನಿನ ಅಚ್ಚು ಬಿದ್ದೈತಿ. ಹೋಗ್ರಿ. ಖುರ್ಚಿಗಾರ ಒಂದೀಟು ಆರಾಮ ಸಿಗಲಿ.”

ಬುಧವಾರ, 29 ನವೆಂಬರ್

ಖುರ್ಚಿಯ ಮಾತಿಗೆ ಸೋತು ಒಪ್ಪಿಕೊಂಡೆ. ಊರ ಹೊರಗೆ ಗದ್ದೆಪ್ಪನ ಕಣದಲ್ಲಿ ಹೊಸ ನೆಲ್ಲು ಹುಲ್ಲಿನ ಬಣವಿ ಬಿದ್ದಿದೆ. ಅದರ ಪಕ್ಕಕ್ಕೆ ಅವನ ಟ್ರ್ಯಾಕ್ಟರಿನ ಟ್ರಾಲಿ ನಿಲ್ಲಿಸಿ, ಕೆಳಗೆ ಎದೆಮಟ್ಟ ಹುಲ್ಲು ಹರವಿಸಿದೆ. ಪಲ್ಟನ್ನಿನ ಹುಡುಗರಿಗೆ ಇಷ್ಟು ಮೆತ್ತನೆಯ ನೆಲ ಎಂದೂ ಸಿಕ್ಕಿರಲಿಲ್ಲ.

ಬೆಳಿಗ್ಗೆ ಆರೂವರೆಗೆ ಇಬ್ಬರೂ ಬಂದರು. ಅಯ್ಯಪ್ಪ ಮಸ್ಕಿಯ ಬಟ್ಟೆ ಅಂಗಡಿಯವರ ಮಗ; ಇಲ್ಲಿ ಅಕ್ಕನ ಮನೆಯಲ್ಲಿ ಉಳಿದಿದ್ದಾನೆ. ಬಾಯಿ ದೊಡ್ಡದು. ಯಮನೂರಮ್ಮ, ಎಲ್ಲರ ಬಾಯಲ್ಲಿ ಯಮನೂರಿ, ನಮ್ಮೂರವಳೇ, ಕೆಳಗಿನ ಓಣಿಯ ಗಿರಿಯಮ್ಮನ ಮೊಮ್ಮಗಳು. ಬಿ.ಎ. ಎರಡನೇ ವರ್ಷ. ಮಾತು ಕಡಿಮೆ.

“ಮೊದಲು ಯಾರು?” ಎಂದೆ.

“ಹೆಣ್ಮಕ್ಕಳು ಮೊದಲು ಸರ್,” ಎಂದ ಅಯ್ಯಪ್ಪ, ಬಹಳ ಮರ್ಯಾದಸ್ಥನಂತೆ.

ಯಮನೂರಿ ಟ್ರಾಲಿ ಹತ್ತಿದಳು, ಗದ್ದ ಎದೆಗೆ ಒತ್ತಿದಳು, ಮೊಳಕಾಲು ಕೂಡಿಸಿ ಹಾರಿದಳು. ಬಿದ್ದ ತಕ್ಷಣ ನಾನು ಹೇಳಿದ ಹಾಗೆಯೇ ಮಗ್ಗುಲಿಗೆ ಉರುಳಿದಳು. ಹತ್ತು ಸಲ ಹಾರಿದಳು, ಹತ್ತೂ ಸಲ ಸರಿ. ಅಯ್ಯಪ್ಪ ಮೂರನೇ ಸಲ ಕಣ್ಣು ತೆರೆದ.

ಒಳ್ಳೆಯ ಹುಡುಗಿ. ಆಗ್ರಾಕ್ಕೆ ಹೋಗಬಲ್ಲಳು. ಮನೆಗೆ ಬಂದು ಮೊಳಕಾಲಿಗೆ ಬಿಸಿ ಉಪ್ಪಿನ ಗಂಟು ಇಟ್ಟುಕೊಂಡೆ.

ಬುಧವಾರ, 6 ಡಿಸೆಂಬರ್

ಬರೀ ಟ್ರಾಲಿಯಿಂದ ಹಾರಿದರೆ ಸಾಲದು. ವಿಮಾನದಲ್ಲಿ ಹೆದರಿಸುವುದು ಎತ್ತರವಲ್ಲ, ಬಾಗಿಲು. ಎಡಗಾಲನ್ನು ಬಾಗಿಲ ಅಂಚಿನ ಮೇಲೆ, ಅರ್ಧ ಬೆರಳು ಹೊರಗೆ ಚಾಚುವಂತೆ ಊರಬೇಕು. ಹೆಗಲಿಗೆ ಹೊರಡೆನ್ನುವ ಏಟು ಬಿದ್ದ ಕೂಡಲೇ ಬಲಗಾಲು ಬೀಸಿ ಹೊರಗೆ. ಎಡಗಾಲು ಒಳಗೇ ಉಳಿದರೆ ಮೈ ತಿರುಗುತ್ತದೆ, ಹಗ್ಗಕ್ಕೆ ಕುತ್ತಿಗೆ ಸಿಕ್ಕಬಹುದು. ನಾನು ಹುಡುಗರ ಕಾಲನ್ನು ಕೈಯಿಂದ ಹಿಡಿದು ಇಡಿಸುತ್ತಿದ್ದೆ.

ಹಾಗಾಗಿ ಬಾಗಿಲು ಬೇಕಿತ್ತು. ಗದ್ದೆಪ್ಪ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದಾನೆ. ಹಳೆಯ ತಲೆಬಾಗಿಲ ಚೌಕಟ್ಟು ಬೇವಿನ ಮರದ ಕೆಳಗೆ ಬಿದ್ದಿತ್ತು. ಬಾಡಿಗೆ ಇಲ್ಲದೆ ಕೊಟ್ಟ. ಬಡಿಗನನ್ನು ಕರೆಸಿ ಅದನ್ನು ಟ್ರಾಲಿಯ ಅಂಚಿಗೆ ನಿಲ್ಲಿಸಿ ಬಿಗಿಸಿದೆವು. ದೂರದಿಂದ ನೋಡಿದರೆ ಗಾಡಿ ಒಂದು ಮನೆಯನ್ನೇ ಹೊತ್ತು ಹೊರಟಂತೆ ಕಾಣುತ್ತದೆ. ಊರ ಮಂದಿ ನೋಡಿ ನಕ್ಕರು. ನಾನೂ ನಕ್ಕೆ.

ಗುರುವಾರ, 7 ಡಿಸೆಂಬರ್

ಯಮನೂರಿ ಇವತ್ತು ಹಾರಲಿಲ್ಲ. ಒಂದು ಸಲವೂ ಇಲ್ಲ.

ಸೋಮವಾರ, 11 ಡಿಸೆಂಬರ್

ನಾಲ್ಕು ದಿನದಿಂದ ಇದೇ ಆಟ. ಚೌಕಟ್ಟಿನ ತನಕ ಬರುತ್ತಾಳೆ. ಬಂದು ಎಡಗಾಲು ಎತ್ತುತ್ತಾಳೆ. ಆ ಕಾಲು ಹೊಸ್ತಿಲ ಮೇಲೆ ಇಳಿಯುವುದಿಲ್ಲ. ಗಾಳಿಯಲ್ಲಿ ನಿಂತು ಹಿಂದಕ್ಕೆ ಬರುತ್ತದೆ. ಒಂದು ಸಲ ಹೊಸ್ತಿಲು ದಾಟಿಯೇ ಹೊರಗೆ ಹೆಜ್ಜೆ ಹಾಕಲು ಹೋಗಿ, ಹಿಂದಿನ ಕಾಲು ತೊಡರಿ, ತಲೆಕೆಳಗಾಗಿ ಹುಲ್ಲಿಗೆ ಬಿದ್ದಳು.

ಅಯ್ಯಪ್ಪನದು ಬೇರೆ ತರಹ. ಅವನು ಪ್ರತಿ ಸಲ ಬಗ್ಗಿ ಹೊಸ್ತಿಲು ಮುಟ್ಟಿ, ಕೈ ಹಣೆಗೆ ಹಚ್ಚಿಕೊಂಡು, ಅದೇ ಬಗ್ಗಿದ ಮೈಯಲ್ಲಿ ಉರುಳಿಬೀಳುತ್ತಾನೆ.

“ಏನ್ಲೇ ಅಯ್ಯಪ್ಪ, ವಿಮಾನದಾಗೂ ಹಿಂಗ ನಮಸ್ಕಾರ ಮಾಡ್ತೀ ಏನು?”

“ರೂಢಿ ಸರ್. ಕೈ ತಾನ ಹೋಗತೈತಿ.”

ಅವನಿಗೆ ಎರಡೂ ಕೈ ಎದೆಗೆ ಕಟ್ಟಿಸಿದೆ. ಸರಿಹೋದ.

ಯಮನೂರಿಗೆ ನನ್ನ ಹಳೆಯ ಮದ್ದು ಮಾಡಿದೆ. ನಾನು ಮೊದಲ ಸಲ ಬಾಗಿಲಲ್ಲಿ ಮರಗಟ್ಟಿ ನಿಂತಾಗ ನಮ್ಮ ಉಸ್ತಾದ ಕಿವಿಯಲ್ಲಿ, ನಿಮ್ಮ ಮನೆಯ ಎತ್ತಿನ ಹೆಸರೇನು ಎಂದು ಕೂಗಿ ಕೇಳಿದ್ದ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಾನು ಆಕಾಶದಲ್ಲಿದ್ದೆ. ಆ ಪುಣ್ಯಾತ್ಮನ ಋಣ ದೊಡ್ಡದು. ಇವಳಿಗೂ ಅದನ್ನೇ ಕೇಳಿದೆ.

“ನಿಮ್ಮ ಎಮ್ಮಿ ಹೆಸರೇನಬೇ?”

“ಕೆಂಚಿ ರೀ ಕಾಕಾ. ಅದರವ್ವ ಬೋರಿ. ಬೋರೀನ ಬಳಗಾನೂರಿಂದ ತಂದಿದ್ರು. ಕೆಂಚಿ ಈಗ ಐದು ತಿಂಗಳ ಗಬ್ಬ ಐತ್ರಿ…”

ಎಮ್ಮೆಯ ವಂಶಾವಳಿ ಮುಗಿಯಿತು. ಹುಡುಗಿ ನಿಂತಲ್ಲೇ ಇದ್ದಳು.

ಆಗ ನನಗೆ ಸಿಟ್ಟು ಬಂತು. ಪಲ್ಟನ್ನಿನ ದನಿಯಲ್ಲಿ ಒದರಿದೆ. ಅವಳು ಅಳಲಿಲ್ಲ. ಟ್ರಾಲಿಯಿಂದ ಹಿಂಬದಿಗೆ ಇಳಿದು, ಚಪ್ಪಲಿ ಹಾಕಿಕೊಂಡು ಸಿಂಧನೂರಿನ ಬಸ್ಸಿಗೆ ಹೋದಳು. ಒದರಬಾರದಿತ್ತು. ಹೆದರಿದವರ ಮೇಲೆ ಒದರಿದರೆ ಅವರ ಹೆದರಿಕೆ ಎರಡಾಗುತ್ತದೆ ಎಂದು ಆರು ವರ್ಷ ಬೇರೆಯವರಿಗೆ ಹೇಳಿದವನು ನಾನೇ.

ಶುಕ್ರವಾರ, 15 ಡಿಸೆಂಬರ್, ಲಿಂಗಸುಗೂರು

ಕ್ಯಾಂಪಿನಲ್ಲಿ ಕಟ್ಟಿಗೆಯ ಅಟ್ಟ ಕಟ್ಟಿದ್ದಾರೆ. ಮೇಲೆ ಹಲಗೆಯ ಬಾಗಿಲು, ಕೆಳಗೆ ಮರಳಿನ ಗುಡ್ಡೆ. ಯಮನೂರಿಗೆ ಹಳೆಯ ಚೌಕಟ್ಟಷ್ಟೇ ಆಗುವುದಿಲ್ಲ, ಇಲ್ಲಿಯ ಹೊಸ ಹಲಗೆಯ ಮೇಲೆ ಆದೀತು ಎಂಬ ಆಸೆಯಿಂದ ಬಂದೆ.

ಆಗಲಿಲ್ಲ. ಕಾಲು ಎತ್ತಿದಳು, ಹಿಂದಕ್ಕೆ ತೆಗೆದಳು. ಸಾಲಿನಲ್ಲಿದ್ದ ಮೂವತ್ತು ಮಂದಿ ನೋಡುತ್ತಿದ್ದರು.

ಮೇಜರ್ ಸಾಹೇಬರು ಒಳ್ಳೆಯವರು. ಅವಳ ಓಟ, ಹಗ್ಗ ಹತ್ತುವುದು, ಉರುಳುವುದು ಎಲ್ಲ ಮೆಚ್ಚಿ, ಇದೊಂದಕ್ಕೆ ಮೂವತ್ತನೇ ತಾರೀಖಿಗೆ ಮತ್ತೊಮ್ಮೆ ಬರಲಿ, ಅದೇ ಕೊನೆ ಎಂದರು. ಅಯ್ಯಪ್ಪನಿಗೂ ಅವತ್ತೇ ಕೊನೆಯ ಪರೀಕ್ಷೆ.

ಬಸ್ಸಿನಲ್ಲಿ ಮಸ್ಕಿ ದಾಟುವ ತನಕ ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: “ಕಾಕಾ, ನಂಗ ಎತ್ತರದ ಅಂಜಿಕಿ ಇಲ್ಲ. ನಮ್ಮ ಮಸ್ಕಿ ಗುಡ್ಡದ ತುದಿ ಬಂಡಿ ಮ್ಯಾಲ ನಿಂತು ಕೆಳಗ ನೋಡೀನಿ.”

“ಮತ್ತ್ಯಾವುದರ ಅಂಜಿಕಿಬೇ?”

“ನೀವು ನಗ್ತೀರಿ.”

“ನಕ್ಕರ ಈ ಕಿಟಕ್ಯಾಗಿಂದ ನೂಕು.”

ಅವಳು ಹೇಳಲಿಲ್ಲ. ಕಾಲೇಜು ಬಿಟ್ಟರೂ ಚಿಂತೆಯಿಲ್ಲ, ಆಗ್ರಾಕ್ಕೆ ಒಮ್ಮೆ ಹೋಗಬೇಕು, ತನ್ನ ಕಾಲು ತನ್ನ ಮಾತು ಕೇಳುತ್ತದೋ ಇಲ್ಲವೋ ನೋಡಬೇಕು ಎಂದಳು.

ರವಿವಾರ, 17 ಡಿಸೆಂಬರ್

ನನ್ನ ತಲೆಯೊಳಗೆ ಬುದ್ಧಿ ಇಲ್ಲ, ಪಲ್ಟನ್ನಿನ ಬೂಟು ಇದೆ.

ಇವತ್ತು ಯಮನೂರಿಯ ಅಜ್ಜಿಯನ್ನು ಕಂಡು ಬರೋಣವೆಂದು ಕೆಳಗಿನ ಓಣಿಗೆ ಹೋದೆ. ಹುಡುಗಿ ತಾಯಿಯ ಜತೆ ಕೊಯ್ಲಿಗೆ ಹೋಗಿದ್ದಳು. ಗಿರಿಯಮ್ಮ ಒಬ್ಬಳೇ ಜೋಳ ಹಸನು ಮಾಡುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ದನಿ ಮಾತ್ರ ಇನ್ನೂ ಹೊಲ ದಾಟುತ್ತದೆ. ಬಾಗಿಲಲ್ಲಿ ನಿಂತು ಮಾತಾಡಿಸಿದೆ.

“ಏ ಅಂಬಪ್ಪ! ಒಳಗ ಬಾ, ಇಲ್ಲಂದ್ರ ಹೊರಗ ನಿಂದರು. ಹೊಸ್ತಿಲ ಮ್ಯಾಲ ಕಾಲಿಟಗೊಂಡು ನಿಂತೀಯಲ್ಲೋ, ನಿಮ್ಮವ್ವ ಇದನ್ನ ಕಲಿಸ್ಯಾಳೇನು?”

ತಗ್ಗಿ ನೋಡಿದೆ. ನನ್ನ ಎಡಗಾಲು ಹೊಸ್ತಿಲ ಮೇಲಿತ್ತು. ಕೆಳಗೆ ಅರಿಸಿನ, ಕುಂಕುಮ, ಬೆಳಿಗ್ಗೆ ಇಟ್ಟ ಚೆಂಡುಹೂವು.

ಅಲ್ಲಿಯೇ ಕುಳಿತುಬಿಟ್ಟೆ. ಗದ್ದೆಪ್ಪನ ಹಳೆಯ ಚೌಕಟ್ಟಿನ ಹೊಸ್ತಿಲ ಮೇಲೂ ಅರಿಸಿನದ ಕಲೆ ಇತ್ತು. ನಾನು ದಿನಾ ನೋಡಿದ್ದೆ. ಹುಟ್ಟಿದಾಗಿನಿಂದ ತುಳಿಯಬೇಡ ಎಂದು ಹೇಳಿಸಿಕೊಂಡ ಹುಡುಗಿಗೆ ತುಳಿ ತುಳಿ ಎಂದು ಒದರಿದ್ದೆ.

ಗಿರಿಯಮ್ಮನಿಗೆ ಎಲ್ಲ ಹೇಳಿದೆ. ಅವಳು ನಕ್ಕು ಬಿಡುತ್ತಾಳೆ ಅಂದುಕೊಂಡಿದ್ದೆ. ಅವಳ ಕೈಯಲ್ಲಿದ್ದ ಮೊರ ನಿಂತಿತು.

“ಅದು ಬರೇ ರೂಢಿ ಅಲ್ಲೋ ತಮ್ಮಾ,” ಎಂದಳು. ಮೊರ ಕೆಳಗಿಟ್ಟಳು. “ನನ್ನ ಮಗ, ಅಕಿ ಅಪ್ಪ, ಕಾಲುವಿ ನೀರು ತಿರುವಾಕ ಹೋಗಿ ತೀರಿಕೊಂಡ್ನಲ್ಲ, ಅವತ್ತು ಮುಂಜಾನೆ ಅಕಿ ಹೊಸ್ತಿಲ ಮ್ಯಾಲ ನಿಂತು ಅವಂಗ ಕೈ ಬೀಸ್ಯಾಳ. ಆರು ವರ್ಷದ ಕೂಸು. ಹೆಣ ತಂದಾಗ ನಾ ಅಂದೆ, ನೀ ಹೊಸ್ತಿಲ ತುಳದು ನಿಂತಿ, ಅದಕ್ಕ ನಿಮ್ಮಪ್ಪ ಹೋದ ಅಂತ. ಹೊಟ್ಟ್ಯಾಗಿನ ಬೆಂಕಿ ಎಲ್ಲಿಗಾರ ಹೋಗಬೇಕಿತ್ತು. ಅಕಿ ಮ್ಯಾಲ ಬಿತ್ತು. ನಾ ಮರತೇ ಬಿಟ್ಟಿದ್ದೆ.”

“ಅಕಿ ಮರತಿಲ್ಲ ಗಿರಿಯವ್ವ.”

“ಇಲ್ಲ,” ಎಂದಳು. “ಹದಿಮೂರು ವರ್ಷ ಅಕಿ ನಮ್ಮ ಬಾಗಿಲ ಹೆಂಗ ದಾಟ್ತಾಳ ಅಂತ ನಾ ನೋಡೇ ಇಲ್ಲಲ್ಲೋ.”

ಅವಳ ಮೊರದಿಂದ ಎರಡು ಕಲ್ಲು ಆರಿಸಿ ಹೊರಗೆ ಎಸೆದು ಎದ್ದು ಬಂದೆ.

ಸೋಮವಾರ, 18 ಡಿಸೆಂಬರ್

ಬೆಳಿಗ್ಗೆ ಕಣಕ್ಕೆ ಮೂವರು ಬಂದರು. ಅಯ್ಯಪ್ಪ, ಯಮನೂರಿ, ಅವಳ ಹಿಂದೆ ಗಿರಿಯಮ್ಮ.

“ಏಣಿ ಹಿಡಿಯೋ ಅಂಬಪ್ಪ.”

“ಯವ್ವಾ, ಬಿದ್ದು ಗಿದ್ದಿ.”

“ನೀ ವಿಮಾನದಾಗಿಂದ ಬಿದ್ದು ಬದುಕಿಲ್ಲೇನು? ಹಿಡಿ.”

ನಾನು ಕೆಳಗಿನಿಂದ ಹಿಡಿದೆ, ಅಯ್ಯಪ್ಪ ಮೇಲಿನಿಂದ ಎಳೆದ. ಗಿರಿಯಮ್ಮ ಟ್ರಾಲಿಯ ಮೇಲೆ ನಿಂತು ಸೆರಗು ಸರಿಮಾಡಿಕೊಂಡಳು. ಚೌಕಟ್ಟಿನ ಮುಂದೆ ಒಂದು ಕ್ಷಣ ತಡೆದಳು. ಅವಳಿಗೂ ಅದು ಸುಲಭವಿರಲಿಲ್ಲ. ಎಪ್ಪತ್ತು ವರ್ಷದ ರೂಢಿ. ಆಮೇಲೆ ಬಲಗಾಲು ಇಟ್ಟಳು, ಎಡಗಾಲೂ ಇಟ್ಟಳು. ಹೊಸ್ತಿಲ ಮೇಲೆ ಎರಡೂ ಪಾದ ಊರಿ, ಎರಡೂ ಕೈಯಿಂದ ಚೌಕಟ್ಟು ಹಿಡಿದು, ಮೊಮ್ಮಗಳ ಕಡೆ ತಿರುಗಿದಳು.

“ಯಮನೂರಿ, ಇಲ್ಲಿ ನೋಡು. ನಾ ನಿಂತೀನಿ. ಇವತ್ತು ಓಣ್ಯಾಗ ಯಾರಿಗೂ ಏನೂ ಆಗಂಗಿಲ್ಲ. ಅವತ್ತೂ ನಿನ್ನ ಕಾಲಿಂದ ಏನೂ ಆಗಿಲ್ಲ. ಪಾಚಿಗಟ್ಟಿದ ಕಲ್ಲಿತ್ತು, ನಿಮ್ಮಪ್ಪ ಜಾರಿದ. ನಾ ಅಂದದ್ದು ಸುಳ್ಳು ಮಾತು. ತಿಳೀತೇನು? ನಿಮ್ಮಜ್ಜಿ ಸುಳ್ಳು ಹೇಳಿದ್ಲು.”

ಯಮನೂರಿ ಟ್ರಾಲಿ ಹತ್ತಿ ಹೋಗಿ ಅಜ್ಜಿಯ ಪಾದವನ್ನೇ ನೋಡುತ್ತ ಕುಳಿತಳು. ಬಸ್ಸಿನ ಹಾರ್ನು ಕೇಳಿಸಿತು, ಯಾರೂ ಏಳಲಿಲ್ಲ. ಎಲ್ಲದಕ್ಕೂ ಮಾತು ಸಿದ್ಧ ಇಟ್ಟುಕೊಂಡ ಅಯ್ಯಪ್ಪ ಬೆನ್ನು ತಿರುಗಿಸಿ ಹುಲ್ಲು ಸರಿಮಾಡುತ್ತಿದ್ದ.

“ಜಲ್ದಿ ಇಳಿಸ್ರೋ ನನ್ನ,” ಎಂದಳು ಗಿರಿಯಮ್ಮ ಕೊನೆಗೆ. “ಮ್ಯಾಲ ಹತ್ತಿದಾಗ ಇದ್ದ ಧೈರ್ಯ ಖಾಲಿ ಆಗಾಕತ್ತೈತಿ.”

ಮಂಗಳವಾರ, 19 ಡಿಸೆಂಬರ್

ಹನ್ನೊಂದು ಸಲ! ಎಡಗಾಲು ಹೊಸ್ತಿಲ ಮೇಲೆ, ಬಲಗಾಲು ಗಾಳಿಗೆ. ಮೊದಲನೇ ಸಲ ಕಣ್ಣಲ್ಲಿ ನೀರಿತ್ತು, ಆದರೂ ಕಾಲು ಊರಿದಳು. ಐದನೇ ಸಲಕ್ಕೆ ನಗು. ಪ್ರತಿ ಸಲ ನಾನು ಅವಳ ಜತೆ ಟ್ರಾಲಿ ಹತ್ತಿದೆ, ಹೆಗಲಿಗೆ ಏಟು ಕೊಟ್ಟೆ, ಇಳಿದೆ, ಮತ್ತೆ ಹತ್ತಿದೆ. ಹಸಿವು ತಾಳದೆ ಮನೆಗೆ ಬಂದು ನಾಲ್ಕು ರೊಟ್ಟಿ ತಿಂದೆ. ಗ್ಯಾನಮ್ಮ ನನ್ನನ್ನು ನೋಡುತ್ತ, “ಕೋಲು ಎಲ್ಲಿ ಬಿಟ್ಟು ಬಂದ್ರಿ?” ಎಂದಳು. ಕಣದಲ್ಲಿ ಇರಬೇಕು.

ಶನಿವಾರ, 30 ಡಿಸೆಂಬರ್, ಲಿಂಗಸುಗೂರು

ಯಮನೂರಿ ಆಯ್ಕೆಯಾದಳು. ಬಾಗಿಲಲ್ಲಿ ಕಾಲೂರಿದ ರೀತಿ ನೋಡಿ ಮೇಜರ್ ಸಾಹೇಬರು, ಇದನ್ನು ಯಾರು ಕಲಿಸಿದರು ಎಂದು ಕೇಳಿದರು. ಬಾಲಪ್ಪ ಮಾಸ್ತರರು ನನ್ನ ಕಡೆ ಕೈ ತೋರಿಸಿದರು. ನಾನಲ್ಲ ಸಾಹೇಬ, ಒಬ್ಬ ಮುದುಕಿ ಎಂದೆ. ಅವರು ಚೇಷ್ಟೆ ಎಂದುಕೊಂಡು ನಕ್ಕರು.

ಅಯ್ಯಪ್ಪ ಆಗಲಿಲ್ಲ. ಅಟ್ಟದ ಮೇಲೆ ಕೊನೆಯ ಗಳಿಗೆಗೆ ಕೈ ಬಿಚ್ಚಿ ಹಲಗೆಗೆ ನಮಸ್ಕಾರ ಮಾಡಿಬಿಟ್ಟ. ನನ್ನ ಮುಖ ಅವನಿಗಿಂತ ಸಣ್ಣದಾಗಿತ್ತು. ಅವನೇ ನನಗೆ ಸಮಾಧಾನ ಹೇಳಿದ.

“ಫಿಕರ್ ಮಾಡಬ್ಯಾಡ್ರಿ ಸರ್. ಮುಂದಿನ ವರ್ಷ ನಮಸ್ಕಾರ ಮನ್ಯಾಗ ಮುಗಿಸಿಕೊಂಡು ಬರ್ತೀನಿ.”

ಬಸ್ಸಿನಲ್ಲಿ ಯಮನೂರಿಗೆ ಕಿಟಕಿ ಸೀಟು ಹಿಡಿದವನೂ ಅವನೇ. ಇಂಥ ಹುಡುಗರ ನಡುವೆ ಒಂದು ತಿಂಗಳು ಕಳೆದೆನಲ್ಲ, ನನ್ನ ದೈವ ದೊಡ್ಡದು.

ಬುಧವಾರ, 24 ಜನವರಿ 1990

ಇವತ್ತು ಹೋದಳು. ಮಾಸ್ತರರು ರಾಯಚೂರಿನ ತನಕ ಹೋಗಿ ರೈಲು ಹತ್ತಿಸುತ್ತಾರೆ. ಗಿರಿಯಮ್ಮ ಬುತ್ತಿಗೆ ಇಪ್ಪತ್ತು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಾಳೆ. ವಿಮಾನ ಹತ್ತುವ ದಿನ ಹೊಟ್ಟೆ ತುಂಬ ತಿನ್ನಬೇಡ ಎಂದು ಹೇಳಲು ಮರೆತೆ.

ಶುಕ್ರವಾರ, 9 ಫೆಬ್ರವರಿ

ಲೆಕ್ಕದ ಪ್ರಕಾರ ಇವತ್ತು ಮೊದಲ ಹಾರಾಟ. ಎರಡು ಸಲ ಅಂಚೆ ಕಚೇರಿಗೆ ಹೋಗಿ ಬಂದೆ. ಇವತ್ತಿನ ಸುದ್ದಿ ಇವತ್ತೇ ಕಾಗದದಲ್ಲಿ ಹೇಗೆ ಬಂದೀತು? ಆದರೂ ಹೋದೆ. ಸಾಯಂಕಾಲ ಗಿರಿಯಮ್ಮ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು. ಇಬ್ಬರೂ ಆಕಾಶ ನೋಡಿದೆವು. ಬರೀ ಕೊಕ್ಕರೆ.

ರವಿವಾರ, 18 ಫೆಬ್ರವರಿ

ಬಂದಳು! ಎದೆಯ ಮೇಲೆ ರೆಕ್ಕೆಯ ಬಿಲ್ಲೆ. ಮುಖ ಬಿಸಿಲಿಗೆ ಕಪ್ಪಾಗಿದೆ. ಐದು ಸಲ ಹಾರಿದ್ದಾಳೆ.

ಸಂಜೆ ಅವರ ಅಂಗಳದಲ್ಲಿ ಓಣಿಯೆಲ್ಲ ಸೇರಿತ್ತು. ಹೆಂಗಸರು, ಹುಡುಗಿಯರು, ಗದ್ದೆಪ್ಪ, ನಾನು, ಗ್ಯಾನಮ್ಮ. ಯಮನೂರಿ ನಡುವೆ ಕುಳಿತು ಹೇಳಿದಳು. ಮಾತು ಕಡಿಮೆಯ ಹುಡುಗಿ ಎಂದು ಎಲ್ಲೋ ಬರೆದಿದ್ದೆ, ತಪ್ಪು.

“ವಿಮಾನದಾಗ ಬಾಗಲ ತೆಗೆದ್ರು ನೋಡ್ರಿ, ಗಾಳಿ ಒಳಗ ನುಗ್ಗಿತು, ನಮ್ಮ ಮಾತು ನಮಗ ಕೇಳಂಗಿಲ್ಲ. ನನ್ನ ಮುಂದ ಇಬ್ಬರು ಹೋದ್ರು. ಹಿಂಗ ಇದ್ರು, ಹಿಂಗ ಇಲ್ಲ. ನನ್ನ ಪಾಳೆ ಬಂತು. ಕೆಳಗ ನೋಡಬ್ಯಾಡ ಅಂತ ಕಾಕಾ ಹೇಳಿದ್ರು, ಆದ್ರ ನಾ ನೋಡ್ದೆ. ಭೂಮಿ ನೋಡಲಿಲ್ಲ, ಬಾಗಲದ ಅಂಚು ನೋಡ್ದೆ. ಹಸರ ಬಣ್ಣ ಹಚ್ಚಿದ್ರು, ಕಾಲಿಡೋ ಜಾಗದಾಗ ಬಣ್ಣೆಲ್ಲ ಹೋಗಿ ತಗಡು ಬೆಳ್ಳಗ ಮಿಂಚತಿತ್ತು. ಎಷ್ಟು ಮಂದಿ ನಿಂತಿರಬೇಕು ಅಲ್ಲಿ. ಎಲ್ಲರೂ ಅಂಜಿರಬೇಕು. ನಾನೂ ಅಲ್ಲೇ ಇಟ್ಟೆ.”

ಅಂಗಳದ ಹುಡುಗಿಯರು ಇನ್ನಷ್ಟು ಹತ್ತಿರ ಸರಿದು ಕುಳಿತರು.

“ಆಮ್ಯಾಲ?” ಎಂದಳು ಪಕ್ಕದ ಮನೆಯ ಮಕ್ತುಂಬೀ, ಒಂಬತ್ತನೇ ಇಯತ್ತೆಯವಳು.

“ಆಮ್ಯಾಲ ಛತ್ರಿ ಬಿಚ್ಚಿತು, ಸಪ್ಪಳ ನಿಂತಿತು. ಅಷ್ಟು ಸುಮ್ಮನ ಇರೋದು ನಾ ಎಲ್ಲೂ ಕೇಳಿಲ್ಲ. ಹೊಲ ಎಲ್ಲ ಕೌದಿ ಹರವಿದಂಗ. ನಮ್ಮಪ್ಪನ್ನ ಕರದೆ. ಜೋರಾಗಿ ಕರದೆ. ಅಲ್ಲಿ ಯಾರೂ ನಗಾವ್ರು ಇರಲಿಲ್ಲ.”

ಗಿರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮಾತು ಬೇರೆ ಕಡೆಗೆ ಹೊರಳಲಿ ಎಂದೋ ಏನೋ, “ಮ್ಯಾಲ ಥಂಡಿ ಭಾಳ ಇತ್ತೇನ?” ಎಂದು ಕೇಳಿದಳು.

“ಇತ್ತಬೇ. ಆದ್ರ ನಿನ್ನ ಶೇಂಗಾ ಹಿಂಡಿ ಹೊಟ್ಟ್ಯಾಗ ಉರೀತಿತ್ತು.”

ಓಣಿ ಹೊಟ್ಟೆ ಹಿಡಿದು ನಕ್ಕಿತು. ಹುಡುಗಿಯರು ಅವಳ ಬಿಲ್ಲೆಯನ್ನು ಒಬ್ಬೊಬ್ಬರೇ ಮುಟ್ಟಿ ನೋಡಿದರು. ಮನೆಗೆ ಬರುವಾಗ ದಾರಿಯಲ್ಲಿ ಗ್ಯಾನಮ್ಮನಿಗೆ, ನಾನು ಹದಿನೆಂಟು ವರ್ಷ ಹಾರಿದೆ, ಹೀಗೆ ಕೂತು ಒಂದು ದಿನವೂ ನಿನಗೆ ಹೇಳಲಿಲ್ಲ ಎಂದೆ. “ಈಗ ಹೇಳ್ರಿ, ದಾರಿ ಐತಿ,” ಎಂದಳು. ಮನೆ ಬಂದರೂ ಮುಗಿಯಲಿಲ್ಲ.

ಸೋಮವಾರ, 19 ಫೆಬ್ರವರಿ

ಬೆಳಿಗ್ಗೆ ಬಾಗಿಲು ಬಡಿದ ಸದ್ದು. “ಅಂಬಪ್ಪ, ಹೊತ್ತು ಏರಾಕತ್ತೈತಿ, ಲಗು ಬಾ!” ಗಿರಿಯಮ್ಮನ ದನಿ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಕಣಕ್ಕೆ ಓಡಿದೆ.

ನಿನ್ನೆ ಅಂಗಳದಲ್ಲಿ ಕಥೆ ಕೇಳಿದ ಏಳು ಹುಡುಗಿಯರು ಬಣವಿಯ ಮುಂದೆ ನಿಂತಿದ್ದರು. ಯಮನೂರಿ ಅವರ ಗದ್ದ ಎದೆಗೆ ಒತ್ತಿಸಿ, ಮೊಳಕಾಲು ಕೂಡಿಸಿ ಸಾಲು ಹಚ್ಚುತ್ತಿದ್ದಳು. ಗದ್ದೆಪ್ಪ ಹೊಸ ಹುಲ್ಲು ಹರವಿದ್ದ.

“ಮೊದಲು ಯಾರು?” ಎಂದೆ.

“ನಾ ಎರಡನೇದಾಕಿ,” ಎಂದಳು ಮಕ್ತುಂಬೀ.

“ನಾನೂ ಎರಡನೇದಾಕಿ.”

“ಏ, ಎರಡನೇದಾಕಿ ನಾ. ರಾತ್ರೀನ ಹೇಳೀನಿ.”

ಏಳೂ ಮಂದಿ ಎರಡನೆಯವರೇ. ಯಮನೂರಿ ಒಬ್ಬೊಬ್ಬರ ಕಿವಿಯಲ್ಲಿ ಏನೇನೋ ಹೇಳಿದಳು, ಬೆನ್ನು ಸವರಿದಳು. ಸಾಲು ಕದಲಲಿಲ್ಲ.

“ಸರೀರಿ ಅತ್ತಾಗ,” ಎಂದಳು ಗಿರಿಯಮ್ಮ. ಸೀರೆಯನ್ನು ಎತ್ತಿ ಕಚ್ಚೆ ಬಿಗಿದು, ನಾನು ಕೈ ಚಾಚುವ ಮುಂಚೆಯೇ ಏಣಿ ಹತ್ತಿದಳು. ಚೌಕಟ್ಟಿಗೆ ಬಂದು ಹೊಸ್ತಿಲ ಮೇಲೆ ಕಾಲಿಟ್ಟಳು. “ಯಾವ ಕಾಲಲೇ?”

“ಎಡಗಾಲ ಯವ್ವಾ! ಆದ್ರ ನೀ…”

ನನ್ನ ಮಾತು ಮುಗಿಯಲಿಲ್ಲ. ಹುಲ್ಲು ಒಮ್ಮೆ ಧಸಕ್ಕೆಂದಿತು. ಅದರೊಳಗಿಂದ ಬಿಳಿ ತಲೆ ಮೇಲೆದ್ದು, ಬಾಯಿಯ ಹುಲ್ಲು ಉಗುಳಿ, “ಛತ್ರಿ ಬಿಚ್ಚಲಿಲ್ಲಲ್ಲೋ!” ಎನ್ನುವಷ್ಟರಲ್ಲಿ ಏಣಿಯ ಬುಡದಲ್ಲಿ ಏಳೂ ಹುಡುಗಿಯರು ಮೊದಲು ಯಾರು ಎಂದು ಒಬ್ಬರ ಜಡೆ ಒಬ್ಬರು ಎಳೆಯುತ್ತಿದ್ದರು.